ಟ್ಯೂಷನ್ ಫೀಸೂ ಕಟ್ಟಿ, ಟ್ಯೂಷನ್‌ಗೂ ಕಳಿಸಿ

ಜಯನಗರದ ಯಾವುದಾದರೂ ಖಾಸಗಿ ಶಾಲೆಯ ಫೀಸ್ ರಸೀದಿ ತೆಗೆದು ನೋಡಿ. ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ಮೊತ್ತ ಇರುವುದು ‘ಟ್ಯೂಷನ್ ಫೀ’ ಎಂಬ ಸಾಲಿನ ಎದುರಿಗೆ. ಅದರ ಕೆಳಗೆ ಟರ್ಮ್ ಫೀ, ಡೆವಲಪ್‌ಮೆಂಟ್ ಫೀ, ವ್ಯಾನು, ಪುಸ್ತಕ, ಯೂನಿಫಾರಂ. ಟ್ಯೂಷನ್ ಫೀ ಎಂದರೆ ಮಗುವಿಗೆ ಪಾಠ ಹೇಳಿಕೊಡುವುದಕ್ಕೆಂದು ಶಾಲೆ ಪಡೆದ ದುಡ್ಡು. ಅದೇ ಮಗು ಮೂರೂವರೆಗೆ ಮನೆಗೆ ಬಂದು, ಹಾಲು ಕುಡಿದು, ನಾಲ್ಕೂವರೆಗೆ ಮತ್ತೆ ಬ್ಯಾಗು ಹೆಗಲಿಗೇರಿಸುತ್ತದೆ. ಎಲ್ಲಿಗೆ ಪುಟ್ಟಾ ಎಂದರೆ ‘ಟ್ಯೂಷನ್‌ಗೆ’ ಅನ್ನುತ್ತದೆ. ಅದೇ ಪುಸ್ತಕ, ಅದೇ ಪಾಠ, ಎರಡು ಫೀಸು.

ಮೊದಲನೆಯ ಫೀಸಿನ ಲೆಕ್ಕ ಕೇಳುವುದನ್ನು ದಕ್ಷಿಣ ಬೆಂಗಳೂರಿನ ನಾವು ಯಾವಾಗಲೋ ಬಿಟ್ಟುಬಿಟ್ಟಿದ್ದೇವೆ. ಮಗುವಿಗೆ ಪಾಠ ಅರ್ಥವಾಗಲಿಲ್ಲ ಅಂದರೆ ಶಾಲೆಯನ್ನು ಕೇಳುವ ಮೊದಲೇ ‘ಎಲ್ಲಾದರೂ ಒಳ್ಳೆ ಟ್ಯೂಷನ್ ಇದೆಯಾ’ ಎಂದು ಪಕ್ಕದ ಮನೆಯವರನ್ನು ಕೇಳುತ್ತೇವೆ. ಟ್ಯೂಷನ್ ಎಂದರೆ ಏನು, ಟ್ಯೂಷನ್ ಫೀ ಎಂದರೆ ಏನು ಅನ್ನುವುದು ಪದಕೋಶದವರ ತಲೆನೋವು ಮಾತ್ರ ಅಲ್ಲ. ಕರ್ನಾಟಕದಿಂದಲೇ ಹೊರಟ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಿದೆ. ಆ ಕಥೆಗೆ ಬರುವ ಮುನ್ನ ನಮ್ಮ ಬೀದಿಗಳಲ್ಲಿ ಈ ಪದ ಹೇಗೆ ಬಳಕೆಯಲ್ಲಿದೆ ಅನ್ನುವುದನ್ನು ನೋಡೋಣ.

ನಮ್ಮ ಮಾತಿನಲ್ಲಿ ಟ್ಯೂಷನ್ ‘ಹಾಕುವ’ ವಸ್ತು. ‘ಮಗಳಿಗೆ ಮ್ಯಾಥ್ಸ್ ಟ್ಯೂಷನ್ ಹಾಕಿದೀವಿ’, ‘ಮಾರ್ಕ್ಸ್ ಬರ್ತಿಲ್ಲ, ಟ್ಯೂಷನ್ ಬದಲಾಯಿಸಿದ್ವಿ’, ‘ಎಕ್ಸಾಂ ಮುಗೀತಲ್ಲ, ಬಿಡಿಸಿದ್ವಿ’. ಹಾಕುವವರೂ ಬಿಡಿಸುವವರೂ ಅಪ್ಪ ಅಮ್ಮ. ಮಗುವಿನ ಪಾಲಿಗೆ ಇರುವುದು ಹೋಗುವುದು, ಬರುವುದು. ಪಾಠ ಮಾಡುವವರು ಗಂಡಸಾದರೆ ಮೇಷ್ಟ್ರು ಇಲ್ಲವೇ ಸರ್, ಹೆಂಗಸಾದರೆ ಮಿಸ್. ಅಪಾರ್ಟ್‌ಮೆಂಟಿನ ಅದೇ ಬ್ಲಾಕಿನವರಾದರೆ ‘ಟ್ಯೂಷನ್ ಆಂಟಿ’.

ಇನ್ನೊಂದು ವಿಷಯ ಗಮನಿಸಿ. ಜಯನಗರದಲ್ಲಿ ಯಾರೂ ‘ಸಂಗೀತದ ಟ್ಯೂಷನ್’ ಅನ್ನುವುದಿಲ್ಲ. ಅದು ಸಂಗೀತ ಪಾಠ. ವೀಣೆಯೂ ಪಾಠ, ವೇದವೂ ಪಾಠ. ಭರತನಾಟ್ಯ, ಚೆಸ್, ಕರಾಟೆ, ಅಬ್ಯಾಕಸ್ ಇವೆಲ್ಲ ಕ್ಲಾಸು. ಶಾಲೆಯಲ್ಲಿ ಪರೀಕ್ಷೆ ಇರುವ ವಿಷಯಕ್ಕೆ ಮಾತ್ರ ಟ್ಯೂಷನ್. ಸಿಇಟಿ, ನೀಟ್, ಜೆಇಇ ಅಂದ ಕೂಡಲೇ ಅದು ಕೋಚಿಂಗ್ ಆಗುತ್ತದೆ, ಫೀಸಿಗೆ ಒಂದು ಸೊನ್ನೆ ಜಾಸ್ತಿಯಾಗುತ್ತದೆ. ಒಂದು ಕಾಲದಲ್ಲಿ ಟ್ಯುಟೋರಿಯಲ್ ಅನ್ನುವ ಮಾತೂ ಇತ್ತು. ಅದು ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಫೇಲಾದವರು ಹೋಗುವ ಜಾಗ. ‘ಅವನು ಟ್ಯುಟೋರಿಯಲ್‌ಗೆ ಹೋಗ್ತಿದಾನೆ’ ಎಂದು ಮನೆಯವರು ದನಿ ತಗ್ಗಿಸಿ ಹೇಳುತ್ತಿದ್ದರು. ಈಗ ಶೇಕಡಾ ತೊಂಬತ್ತು ತೆಗೆಯುವ ಹುಡುಗಿಯೂ ಟ್ಯೂಷನ್‌ಗೆ ಹೋಗುತ್ತಾಳೆ, ಮನೆಯವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಜನ ತಮ್ಮಷ್ಟಕ್ಕೆ ಮಾಡಿಕೊಂಡಿದ್ದ ಈ ಭೇದವನ್ನು ಸರ್ಕಾರವೂ ಒಪ್ಪಿದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಕ್ರೀಡೆ, ನೃತ್ಯ, ನಾಟಕದಂಥ ಸೃಜನಶೀಲ ಕಲಿಕೆ ಕೋಚಿಂಗ್ ಅಲ್ಲ. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿದ್ದರೆ ಮಾತ್ರ ಅದು ಕೋಚಿಂಗ್ ಸೆಂಟರ್. ಹದಿನಾರು ವರ್ಷ ತುಂಬದವರನ್ನು ಸೇರಿಸಿಕೊಳ್ಳುವಂತಿಲ್ಲ, ಅಥವಾ ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲಷ್ಟೇ ಸೇರಿಸಬೇಕು ಎಂದೂ ಅದರಲ್ಲಿದೆ. ಮನೆಯಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಹೇಳುವವರು ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆ ಪಾಠ ಹೇಳುವ ಮನೆಗಳನ್ನು ಬನಶಂಕರಿ ಎರಡನೇ ಹಂತದ ಒಳರಸ್ತೆಗಳಲ್ಲಿ ಹುಡುಕಬೇಕಾಗಿಲ್ಲ. ಗೇಟಿನ ಹೊರಗೆ ಮೂರು ನಾಲ್ಕು ಸೈಕಲ್ಲು, ಮೆಟ್ಟಿಲ ಮೇಲೆ ಚೆಲ್ಲಾಪಿಲ್ಲಿ ಚಪ್ಪಲಿ. ಕಾರು ನಿಲ್ಲಬೇಕಾದ ಷೆಡ್ಡಿನಲ್ಲಿ ಜಮಖಾನ, ಗೋಡೆಗೊಂದು ಬಿಳಿ ಬೋರ್ಡು, ಕಿಟಕಿಯ ಸರಳಿಗೆ ಕಟ್ಟಿದ ಟೇಬಲ್ ಫ್ಯಾನು. ನಾಲ್ಕೂವರೆಗೆ ಒಂದು ಬ್ಯಾಚು, ಆರು ಗಂಟೆಗೆ ಇನ್ನೊಂದು. ಫೀಸು ತಿಂಗಳ ಮೊದಲ ವಾರ ಕವರಿನಲ್ಲಿ ಬರುತ್ತದೆ, ಈಚೆಗೆ ಫೋನ್‌ಪೇಯಲ್ಲಿ. ಇಂಥ ಒಂದು ಷೆಡ್ಡಿನಲ್ಲಿ ನಾನೂ ಸ್ವಲ್ಪ ಹೊತ್ತು ಕೂತಿದ್ದೆ. ಆರನೇ ತರಗತಿಯ ಹುಡುಗನೊಬ್ಬ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದ. ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ. ಮಿಸ್ ಅದರ ಮೇಲೆ ಗೀಟು ಎಳೆಯಲಿಲ್ಲ. ‘ಐದನೇ ಎರಡು ಅಂದ್ರೆ ಅರ್ಧಕ್ಕಿಂತ ಜಾಸ್ತಿನೋ ಕಮ್ಮಿನೋ?’ ಎಂದು ಕೇಳಿದರು. ಹುಡುಗ ಯೋಚಿಸಿ ಕಮ್ಮಿ ಎಂದ. ‘ನಿನ್ನ ಹತ್ರ ಅರ್ಧ ಚಪಾತಿ ಇತ್ತು. ನಾನು ಇನ್ನೊಂದು ತುಂಡು ಕೊಟ್ಟೆ. ಮೊದಲಿಗಿಂತ ಕಮ್ಮಿ ಆಗೋಕೆ ಸಾಧ್ಯನಾ?’ ಹುಡುಗ ತನ್ನ ಉತ್ತರವನ್ನು ದಿಟ್ಟಿಸಿ ನೋಡಿದ, ತಾನೇ ಹೊಡೆದು ಹಾಕಿದ. ಲಸಾಅ ತೆಗೆಯುವುದು ಅವನಿಗೆ ಆಗಲೇ ಬರುತ್ತಿತ್ತು. ಯಾಕೆ ತೆಗೆಯಬೇಕು ಎಂಬುದು ಆ ಸಂಜೆ ಗೊತ್ತಾಯಿತು.

ಇದು ನಡೆದದ್ದು ಎರಡು ನಿಮಿಷದಲ್ಲಿ. ನಲವತ್ತು ಮಕ್ಕಳ ತರಗತಿಯಲ್ಲಿ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ, ಒಬ್ಬೊಬ್ಬರ ತಪ್ಪಿಗೆ ಎರಡೆರಡು ನಿಮಿಷ ಎಲ್ಲಿಂದ ತರುವುದು ಎಂದು ಶಾಲೆಯ ಶಿಕ್ಷಕಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹಾಗಾಗಿ ಟ್ಯೂಷನ್ ಹೇಳುವವರನ್ನು ಬೈಯುವ ಗುಂಪಿಗೆ ನಾನು ಸೇರುವವನಲ್ಲ. ಆ ಹೆಣ್ಣುಮಗಳು ಮಾಡಿದ್ದು ಅಪ್ಪಟ ಪಾಠ.

ಈ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಕಣ್ಣಿಟ್ಟು ನೋಡುವುದು, ಕಾಯುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಇಂಗ್ಲಿಷಿನಲ್ಲಿ ಮೊದಮೊದಲು ಇದಕ್ಕೆ ಪಾಲನೆ, ರಕ್ಷಣೆ ಎಂಬ ಅರ್ಥವೇ ಇತ್ತು. ಪಾಠ ಎಂಬ ಅರ್ಥ ಆಮೇಲಿನದು, ಫೀಸು ಎಂಬುದು ಇನ್ನೂ ಈಚಿನದು. ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟುಗಳಲ್ಲಿ ಆ ಮೊದಲ ಅರ್ಥಕ್ಕೆ ಈಗ ಮತ್ತೆ ಜೀವ ಬಂದಿದೆ. ಅಪ್ಪ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಅಮ್ಮ ಔಟರ್ ರಿಂಗ್ ರೋಡಿನಲ್ಲಿ, ಇಬ್ಬರೂ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಾಗ ಏಳೂವರೆ. ಅಲ್ಲಿಯವರೆಗೆ ಮಗು ಎರಡನೇ ಮಹಡಿಯ ಆಂಟಿಯ ಕಣ್ಣೆದುರಿಗೆ ಇರುತ್ತದೆ ಅನ್ನುವುದೇ ದೊಡ್ಡ ಸಮಾಧಾನ. ಹೋಂವರ್ಕ್ ಮುಗಿದರೆ ಅದು ಮೇಲಿನ ಲಾಭ. ಇಲ್ಲೇ ಹೊಸದಾಗಿ ಹುಟ್ಟಿದ ಇನ್ನೊಂದು ಬೇಡಿಕೆ ಕನ್ನಡದ ಟ್ಯೂಷನ್. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಮನೆಯಲ್ಲಿ ಕನ್ನಡವಿಲ್ಲದ ಮಕ್ಕಳು ಒತ್ತಕ್ಷರ ತಿದ್ದುವುದಕ್ಕೆ ಬನಶಂಕರಿ, ಜೆ.ಪಿ. ನಗರದ ಗೃಹಿಣಿಯರ ಬಳಿ ಬರುತ್ತಿದ್ದಾರೆ. ಇದನ್ನು ಕೇಳಿದಾಗ ನನಗೆ ಸಂತೋಷವೇ ಆಗುತ್ತದೆ. ಆ ಮಕ್ಕಳಿಗೆ ಊರಿನ ಭಾಷೆ ಒಬ್ಬರ ಮನೆಯ ನಡುಮನೆಯಲ್ಲಿ ಸಿಗುತ್ತಿದೆಯಲ್ಲ.

ದುಡ್ಡು ಪಡೆದು ಪಾಠ ಹೇಳುವುದು ನಮಗೆ ಹೊಸತೇನಲ್ಲ. ಸರ್ಕಾರಿ ಶಾಲೆಗಳು ಬರುವ ಮೊದಲು ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದ್ದದ್ದೇ ಕೂಲಿಮಠ. ಐಗಳು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಕ್ಕಳ ಮನೆಯವರು ದವಸವನ್ನೋ ಕಾಸನ್ನೋ ಕೊಡುತ್ತಿದ್ದರು. ಮುಂದೆ ವಾರಾನ್ನದ ಹುಡುಗರು ಬೆಂಗಳೂರು, ಮೈಸೂರುಗಳಿಗೆ ಬಂದಾಗ ಎಷ್ಟೋ ಮಂದಿ ಉಂಡ ಮನೆಯ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಋಣ ತೀರಿಸಿದರು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದು ಬಡಾವಣೆ ಬೆಳೆದ ಮೇಲೆ ಇದಕ್ಕೆ ಮನೆಪಾಠ ಎಂಬ ಹೆಸರು ನಿಂತಿತು. ಆಗ ಮೇಷ್ಟ್ರೇ ಮನೆಗೆ ಬರುತ್ತಿದ್ದರು. ಕಾಫಿ ಕೊಡಬೇಕು, ಅವರು ಹೊರಡುವಾಗ ಎದ್ದು ನಿಲ್ಲಬೇಕು. ಕೂಲಿಮಠದಲ್ಲಿ ಶಾಲೆಯೂ ಟ್ಯೂಷನ್ನೂ ಒಂದೇ ಆಗಿತ್ತು, ಫೀಸೂ ಒಂದೇ. ಶಾಲೆ ಬೇರೆ, ಟ್ಯೂಷನ್ ಬೇರೆ ಆದಮೇಲೆ ಯಾವುದಕ್ಕೆ ಎಷ್ಟು, ಯಾಕೆ ಎಂಬ ಜಗಳ ಶುರುವಾಯಿತು.

ಆ ಜಗಳದ ದೊಡ್ಡ ಅಧ್ಯಾಯ ನಡೆದದ್ದು ತುಮಕೂರಿನ ಹೆಸರಿನಲ್ಲಿ. ಕ್ಯಾಪಿಟೇಷನ್, ಅಂದರೆ ಸೀಟು ಕೊಡಲು ಫೀಸಿನ ಮೇಲೆ ದುಡ್ಡು ಕೀಳುವ ಹಾವಳಿ ತಡೆಯಲೆಂದು ಕರ್ನಾಟಕ 1984ರಲ್ಲಿ ಒಂದು ಕಾಯ್ದೆ ತಂದಿತ್ತು. ಅದರಡಿ 1989ರ ಜೂನ್ 5ರಂದು ಹೊರಬಿದ್ದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳು ವರ್ಷಕ್ಕೆ ಎಷ್ಟು ಟ್ಯೂಷನ್ ಫೀ ಪಡೆಯಬಹುದು ಎಂದು ಗೊತ್ತುಮಾಡಿತು. ಸರ್ಕಾರಿ ಸೀಟಿನವರಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಅದೇ ಕಾಲೇಜು, ಅದೇ ಬೆಂಚು, ಅದೇ ಪ್ರಾಧ್ಯಾಪಕರು. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ್ದರು. ಮೊದಲ ವರ್ಷದ 60,000 ಕಟ್ಟಿ, ಮುಂದಿನ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು ಎಂದಾಗ ತಂದೆಯ ಕೈಯಲ್ಲಿ ಆಗಲಿಲ್ಲ. ಪ್ರಕರಣ ನೇರ ಸುಪ್ರೀಂ ಕೋರ್ಟಿಗೆ ಹೋಯಿತು.

1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ತೀರ್ಪು ಕೊಟ್ಟರು. ಟ್ಯೂಷನ್ ಫೀ ಎಂದು ಬರೆದ ಮಾತ್ರಕ್ಕೆ ಅದು ಟ್ಯೂಷನ್ ಫೀ ಆಗುವುದಿಲ್ಲ, ಸರ್ಕಾರಿ ಸೀಟಿನವರು ಕೊಡುವುದಕ್ಕಿಂತ ಹೆಚ್ಚು ಪಡೆದದ್ದು ಏನಿದ್ದರೂ ಕ್ಯಾಪಿಟೇಷನ್ನೇ ಎಂಬುದು ಅದರ ಸಾರ. ಅಧಿಸೂಚನೆಯ ಆ ಭಾಗ ಬಿದ್ದುಹೋಯಿತು. ಶಿಕ್ಷಣ ನಾಗರಿಕರ ಹಕ್ಕು ಎಂಬ ಮಾತನ್ನೂ ನ್ಯಾಯಾಲಯ ಅದೇ ತೀರ್ಪಿನಲ್ಲಿ ಎತ್ತಿ ಹಿಡಿಯಿತು. ಮೋಹಿನಿ ಜೈನ್ ಅವರಿಗೆ ಮಾತ್ರ ಸೀಟು ಸಿಗಲಿಲ್ಲ. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಈ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಎಂದು ಸೀಮಿತಗೊಳಿಸಿತು. ಅದೇ ಮುಂದೆ 2002ರ ಸಂವಿಧಾನ ತಿದ್ದುಪಡಿಯಾಗಿ, 2009ರ ಶಿಕ್ಷಣ ಹಕ್ಕು ಕಾಯ್ದೆಯಾಗಿ ಬೆಳೆಯಿತು. ಇಂದು ಆರ್‌ಟಿಇ ಎಂದು ನಾವು ಹೇಳುವ ಕಾನೂನಿನ ಬೇರು ಕರ್ನಾಟಕದ ಒಂದು ಟ್ಯೂಷನ್ ಫೀ ವ್ಯಾಜ್ಯದಲ್ಲಿದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಸಂಗತಿ.

ಅದೇ ಪದ ಮತ್ತೊಮ್ಮೆ ಬೀದಿಗೆ ಬಂದದ್ದು ಕೋವಿಡ್ ಕಾಲದಲ್ಲಿ. ಶಾಲೆ ಮುಚ್ಚಿದೆ, ಪಾಠ ಮೊಬೈಲಿನಲ್ಲಿ, ಫೀಸು ಮಾತ್ರ ಪೂರ್ತಿ ಯಾಕೆ ಎಂದು ಪೋಷಕರು ತಿರುಗಿ ಬಿದ್ದರು. 2021ರ ಜನವರಿ 29ರಂದು ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್, ಹಿಂದಿನ ವರ್ಷದ ಟ್ಯೂಷನ್ ಫೀಯಲ್ಲಿ ಶೇಕಡಾ 70ರಷ್ಟನ್ನು ಮಾತ್ರ ಪಡೆಯಬೇಕು, ಡೆವಲಪ್‌ಮೆಂಟ್ ಇತ್ಯಾದಿ ಶುಲ್ಕ ಕೂಡದು ಎಂಬ ನಿರ್ಧಾರ ಪ್ರಕಟಿಸಿದರು. ಆಗ ಎಲ್ಲರ ಮನೆಯಲ್ಲೂ ಹಳೆಯ ರಸೀದಿಗಳು ಹೊರಬಂದವು. ಕೆಲವು ಕಡೆ ಎಲ್ಲವನ್ನೂ ಸೇರಿಸಿ ಒಂದೇ ಮೊತ್ತ ಬರೆದಿತ್ತು, ಅದರಲ್ಲಿ ಪಾಠದ ಪಾಲೆಷ್ಟು ಎಂದು ಹೇಳುವವರಿಲ್ಲ. ಆಡಳಿತ ಮಂಡಳಿಗಳು ಪ್ರತಿಭಟಿಸಿದವು, ಹೈಕೋರ್ಟಿನಲ್ಲಿ ರಿಯಾಯಿತಿ ಶೇಕಡಾ 15ಕ್ಕೆ ಇಳಿಯಿತು. ರಸೀದಿಯ ಒಂದು ಸಾಲನ್ನು ಕನ್ನಡಕ ಹಾಕಿಕೊಂಡು ಓದುವ ಅಭ್ಯಾಸ ಆ ವರ್ಷ ನಮಗೆ ಬಂದಿತ್ತು. ಶಾಲೆ ತೆರೆದ ಮೇಲೆ ಮರೆತುಬಿಟ್ಟೆವು.

ಆ ಸಾಲನ್ನು ಓದಲೇಬೇಕಾದ ಇನ್ನೊಂದು ಸಂದರ್ಭ ಆದಾಯ ತೆರಿಗೆ. ಎಲ್ಲರ ಬಾಯಲ್ಲೂ 80ಸಿ ಎಂದೇ ಇರುವ, ಹಳೆಯ ತೆರಿಗೆ ಪದ್ಧತಿಯ ಒಂದೂವರೆ ಲಕ್ಷದ ರಿಯಾಯಿತಿಯಲ್ಲಿ ಇಬ್ಬರು ಮಕ್ಕಳ ಟ್ಯೂಷನ್ ಫೀ ಸೇರುತ್ತದೆ. ಸಂಜೆಯ ಟ್ಯೂಷನ್ನಿನದೂ ನಡೆಯುತ್ತದೆ ಎಂದುಕೊಂಡು ಮಿಸ್ ಹತ್ತಿರ ಚೀಟಿ ಬರೆಸಿಕೊಂಡು ಬರುವವರಿದ್ದಾರೆ. ನಡೆಯುವುದಿಲ್ಲ. ಭಾರತದೊಳಗಿನ ಶಾಲೆ, ಕಾಲೇಜು ಅಥವಾ ವಿಶ್ವವಿದ್ಯಾಲಯದ ಪೂರ್ಣಾವಧಿ ಶಿಕ್ಷಣಕ್ಕೆ ಕಟ್ಟಿದ ಟ್ಯೂಷನ್ ಫೀ ಮಾತ್ರ ಅರ್ಹ. ಡೊನೇಷನ್ನೂ ಡೆವಲಪ್‌ಮೆಂಟ್ ಫೀಯೂ ಹೊರಗೆ, ಕೋಚಿಂಗೂ ಹೊರಗೆ. ಕೋಚಿಂಗ್ ಸಂಸ್ಥೆಯ ಬಿಲ್ಲಿಗಾದರೆ ಮೇಲಿಂದ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ, ಶಾಲೆಯ ಫೀಸಿಗೆ ಅದಿಲ್ಲ. ವರ್ಷಕ್ಕೆ ಇಪ್ಪತ್ತು ಲಕ್ಷದೊಳಗೆ ವಹಿವಾಟಿರುವ ಷೆಡ್ಡಿನ ಮಿಸ್‌ಗೆ ಅದರ ಗೊಡವೆಯಿಲ್ಲ.

ಅಮೆರಿಕದವರ ಟ್ಯೂಷನ್ ಮತ್ತೊಂದು. ಅಲ್ಲಿ ಆ ಒಂದು ಪದವೇ ಫೀಸು. ಎಂಎಸ್ ಮಾಡಲು ಹೊರಟ ಮಗನಿಗೆ ವಿಶ್ವವಿದ್ಯಾಲಯ ಕಳಿಸಿದ ಐ-20 ಪತ್ರದಲ್ಲಿ ಟ್ಯೂಷನ್ ಎದುರು ಡಾಲರಿನ ಮೊತ್ತ ಇರುತ್ತದೆ, ಜೆ.ಪಿ. ನಗರದ ಅಪ್ಪ ಅದನ್ನು ರೂಪಾಯಿಗೆ ಪರಿವರ್ತಿಸಿ ಬ್ಯಾಂಕಿನವರ ಮುಂದೆ ಕೂರುತ್ತಾರೆ. ‘ಟ್ಯೂಷನ್‌ಗೇ ಅಷ್ಟು ಲಕ್ಷವಂತೆ’ ಎಂದರೆ ಅಜ್ಜಿಗೆ ಗಾಬರಿ, ಕಾಲೇಜಿಗೆ ಬೇರೆ ಎಷ್ಟೋ ಎಂದು.

ನಮ್ಮ ಅರ್ಥದ ಟ್ಯೂಷನ್ನಿಗೆ ಎಷ್ಟು ಬಲವಿದೆ ಎಂಬುದಕ್ಕೆ ಬನ್ನೇರುಘಟ್ಟ ರಸ್ತೆಯೇ ಸಾಕ್ಷಿ. 2011ರಲ್ಲಿ ಶುರುವಾಗಿ ಆ ರಸ್ತೆಯಲ್ಲಿ ಕಚೇರಿ ಹೊಂದಿದ್ದ ಬೈಜೂಸ್, ಆ್ಯಪಿನಿಂದ ಜಗತ್ತಿಗೆಲ್ಲ ಪರಿಚಿತವಾಯಿತು. ಆದರೂ 2022ರಲ್ಲಿ ಊರೂರಿನಲ್ಲಿ ಬೋರ್ಡು ಹಾಕಲು ಹೊರಟಾಗ ಅದು ಆರಿಸಿಕೊಂಡ ಹೆಸರು ‘ಟ್ಯೂಷನ್ ಸೆಂಟರ್’. 2024ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಷೆಡ್ಡಿನ ಬ್ಯಾಚುಗಳು ಮಾತ್ರ ನಡೆಯುತ್ತಲೇ ಇವೆ. 2025ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣದ ಬಗ್ಗೆ ನಡೆಸಿದ ಮನೆಮನೆ ಸಮೀಕ್ಷೆಯಲ್ಲಿ, ದೇಶದ ಶಾಲಾ ಮಕ್ಕಳಲ್ಲಿ ಶೇಕಡಾ 27ರಷ್ಟು ಮಂದಿ ಆ ವರ್ಷ ಖಾಸಗಿ ಕೋಚಿಂಗ್ ಪಡೆದಿದ್ದರು ಇಲ್ಲವೇ ಪಡೆಯುತ್ತಿದ್ದರು. ನಗರಗಳಲ್ಲಿ ಇದು ಶೇಕಡಾ 30.7.

ಇನ್ನು ಕಾನೂನು ಏನು ಹೇಳುತ್ತದೆ? ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಬಹಳ ಜನರಿಗೆ ಗೊತ್ತು. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಕೂಡದು ಎನ್ನುವ ಕಲಂ ಅದು. ತರಗತಿಯಲ್ಲಿ ಅರ್ಧ ಹೇಳಿ ಉಳಿದರ್ಧವನ್ನು ಸಂಜೆಗೆ ಇಟ್ಟುಕೊಳ್ಳುವ ಆಸೆ ಯಾರಿಗೂ ಬರಬಾರದು ಎಂಬುದು ಅದರ ಹಿಂದಿನ ಕಾಳಜಿ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯಾರೂ ಉದ್ಧರಿಸದ 24ನೇ ಕಲಂ. ಶಿಕ್ಷಕರ ಕರ್ತವ್ಯಗಳನ್ನು ಎಣಿಸುತ್ತಾ ಅದು ಹೇಳುತ್ತದೆ: ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆಯಬೇಕು, ಅಗತ್ಯವಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಕೊಡಬೇಕು. ಷೆಡ್ಡಿನಲ್ಲಿ ಆ ಮಿಸ್ ಮಾಡಿದ್ದು ಇದನ್ನೇ. ಹುಡುಗ ಎಲ್ಲಿ ಎಡವಿದ ಎಂದು ನೋಡಿದರು, ಅಲ್ಲಿಗೆ ಬೇಕಾದಷ್ಟು ಹೇಳಿಕೊಟ್ಟರು. ಒಂದರಿಂದ ಎಂಟನೇ ತರಗತಿಯವರೆಗೆ ಇದು ಶಾಲೆಯೊಳಗೇ, ಕಟ್ಟಿದ ಫೀಸಿನೊಳಗೇ ಸಿಗಬೇಕಾದದ್ದು. ಸಂಜೆ ನಾವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಕಾನೂನು ಆಗಲೇ ಶಾಲೆಯ ಹೆಗಲಿಗೆ ಹಾಕಿರುವ ಕೆಲಸ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಟ್ಯೂಷನ್ ಫೀ ಎಂಬ ಸಾಲು ಅವುಗಳ ರಸೀದಿಯಲ್ಲೂ ಇರುತ್ತದೆಯಲ್ಲ.

ತರಗತಿಯಲ್ಲಿ ಮುಕ್ಕಾಲು ಮಕ್ಕಳು ಟ್ಯೂಷನ್‌ಗೆ ಹೋಗುವವರಾದರೆ ಪಾಠದ ಓಟವೇ ಬದಲಾಗುತ್ತದೆ. ‘ಇದು ಗೊತ್ತಿದೆಯಲ್ಲ’ ಎಂದರೆ ಮುಕ್ಕಾಲು ಜನ ಹೌದು ಎನ್ನುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ. ಉಳಿದ ಕಾಲು ಭಾಗದಲ್ಲಿ, ಬಡ ಮಕ್ಕಳಿಗೆಂದು ಮೀಸಲಿಟ್ಟ ಆರ್‌ಟಿಇ ಸೀಟಿನಲ್ಲಿ ಬಂದ ಮಕ್ಕಳಿರುತ್ತಿದ್ದರು. ಕರ್ನಾಟಕದಲ್ಲಿ 2019ರ ಸುಮಾರಿಗೆ ನಿಯಮ ಬದಲಾಗಿ, ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದಾಯಿತು. ಅದಕ್ಕೂ ಮೊದಲು ಮನೆಗೆಲಸದವರ, ಆಟೊ ಓಡಿಸುವವರ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರ ಮಕ್ಕಳು ಈ ಭಾಗದ ಶಾಲೆಗಳಿಗೂ ಬಂದರು. ಅವರ ಟ್ಯೂಷನ್ ಫೀಯನ್ನು ಸರ್ಕಾರ ಶಾಲೆಗೆ ತುಂಬಿಕೊಟ್ಟಿತು. ಸಂಜೆಯ ಟ್ಯೂಷನ್ನಿಗೆ ಯಾವ ಯೋಜನೆಯೂ ಇರಲಿಲ್ಲ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದ ಆ ಮಕ್ಕಳ ನೋಟ್ ಬುಕ್ಕಿನಲ್ಲಿ ಬಿದ್ದದ್ದು ಕೆಂಪು ಗೀಟು ಮಾತ್ರ.

ಜೂನ್‌ನಲ್ಲಿ ಪೋಷಕರ ಸಭೆ ಕರೆದಾಗ ವ್ಯಾನಿನ ಸಮಯ, ಯೂನಿಫಾರಂ ಬಣ್ಣ, ಆ್ಯನುವಲ್ ಡೇ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಈ ಸಲ ಟೈಂಟೇಬಲ್ ಕೈಗೆತ್ತಿಕೊಂಡು, ಪಾಠ ಅರ್ಥವಾಗದ ಮಕ್ಕಳಿಗೆ ಇದರಲ್ಲಿ ಯಾವ ಪೀರಿಯಡ್ ಇಟ್ಟಿದ್ದೀರಿ, ಅದನ್ನು ಯಾರು ತೆಗೆದುಕೊಳ್ಳುತ್ತಾರೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಜೊತೆಗೆ ರಸೀದಿಯಲ್ಲಿ ಟ್ಯೂಷನ್ ಫೀ ಎಷ್ಟೆಂದು ಬೇರೆಯಾಗಿ ಬರೆಸಿಕೊಳ್ಳಿ.